ನಲವತ್ತೊಂದರ ಕೊರಳು

ಕೈಚೀಲದಮ್ಮ ಬಂದು ಮೂರು ದಿನವಾದರೂ ಒಂದು ಕುದುರೆಯನ್ನೂ ಮುಟ್ಟಲಿಲ್ಲ. ಲಾಯದ ಮೇಸ್ತ್ರಿಗೆ ಭಯ ಹುಟ್ಟಿಸಿದ್ದು ಅದೇ. ತನಿಖೆಗೆಂದು ಬಂದವರು ಮೂಗು ಮುಚ್ಚಿಕೊಂಡು ಲಾಯದಲ್ಲಿ ಒಂದು ಸುತ್ತು ಹಾಕಿ, ಇಷ್ಟೊಂದು ನೊಣ ಯಾಕೆ ಎಂದು ಕೇಳಿ, ಕಚೇರಿಯ ಫ್ಯಾನಿನ ಕೆಳಗೆ ಕುಳಿತು ಕಾಗದ ತುಂಬಿಸಿಕೊಂಡು ಹೋಗುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಅಂಥವರನ್ನು ಅವನು ಎಷ್ಟೋ ಮಂದಿ ಕಂಡಿದ್ದ. ಈಕೆ ಹಾಗಲ್ಲ. ಕಂಪನಿಯ ದೊಡ್ಡ ಕಚೇರಿಯಿಂದ ಹೆಗಲಿಗೊಂದು ಬಟ್ಟೆಯ ಕೈಚೀಲ ನೇತುಹಾಕಿಕೊಂಡು ಬಸ್ಸಿನಲ್ಲಿ ಬಂದಿಳಿದ ಐವತ್ತರ ಹೆಂಗಸು. ಬೆಳಿಗ್ಗೆ ಏಳಕ್ಕೆಲ್ಲ ಮೇವಿನ ಕೋಣೆಯ ಬಾಗಿಲಲ್ಲಿ ಬಕೆಟ್ಟೊಂದನ್ನು ಮಗುಚಿ ಹಾಕಿಕೊಂಡು ಕೂತುಬಿಡುತ್ತಿದ್ದಳು. ತೊಡೆಯ ಮೇಲೆ ಹಳೆಯ ರಿಜಿಸ್ಟರು. ಒಂದು ಪುಟ ಓದುವುದು, ತಲೆಯೆತ್ತಿ ನೋಡುವುದು, ಮತ್ತೆ ಓದುವುದು. ಭತ್ತದ ಕಣದಲ್ಲಿ ಕೂತ ಮುದುಕಿಯಂತೆ, ಯಾವ ಅವಸರವೂ ಇಲ್ಲ.

ಅದು ಹಾವಿನ ವಿಷಕ್ಕೆ ಮದ್ದು ತಯಾರಿಸುವ ಕಂಪನಿಯ ಲಾಯ. ಅರವತ್ತೆರಡು ಕುದುರೆಗಳು. ಕುದುರೆಗೆ ಸಾಸಿವೆಯಷ್ಟು ಸಾಸಿವೆಯಷ್ಟಾಗಿ ವಿಷ ಚುಚ್ಚಿ, ಮೈಯಲ್ಲಿ ಅದನ್ನು ಗೆಲ್ಲುವ ಕಸುವು ಹುಟ್ಟಿದ ಮೇಲೆ ಕೊರಳಿನ ನರದಿಂದ ರಕ್ತ ತೆಗೆಯುತ್ತಾರೆ. ಕೆಂಪು ಭಾಗವನ್ನು ಕುದುರೆಗೇ ಹಿಂತಿರುಗಿಸಿ, ಮೇಲೆ ನಿಂತ ಹೊಂಬಣ್ಣದ ತಿಳಿಯನ್ನು ಇಟ್ಟುಕೊಳ್ಳುತ್ತಾರೆ. ಹತ್ತಾರು ಕುದುರೆಗಳ ತಿಳಿಯನ್ನು ಒಂದೇ ತೊಟ್ಟಿಗೆ ಸುರಿದು, ಸೋಸಿ, ಸೀಸೆಗೆ ತುಂಬಿದರೆ ಮದ್ದು. ತಿಂಗಳಿಗೊಂದರಂತೆ ಮೂರು ಸಲ ರಕ್ತ ಕೊಟ್ಟ ಕುದುರೆಗೆ ಮೂರು ತಿಂಗಳು ಬಿಡುವು. ಒಂದು ಸಲ ಎಡಗೊರಳಾದರೆ ಮುಂದಿನ ಸಲ ಬಲಗೊರಳು. ರಕ್ತ ಕೊಟ್ಟ ಹದಿನೈದು ದಿನದೊಳಗೆ ಕುದುರೆ ಕಾಯಿಲೆ ಬಿದ್ದರೆ, ಅದರ ತಿಳಿ ಸೇರಿದ ತೊಟ್ಟಿಯನ್ನೇ ತಡೆದು ಮೊದಲಿನಿಂದ ಪರೀಕ್ಷೆ ಮಾಡಬೇಕು. ಈ ನಿಯಮಗಳನ್ನೆಲ್ಲ ಬರೆಸಿ, ಗಾಜು ಹಾಕಿಸಿ, ಲಾಯದ ಗೋಡೆಗೆ ತೂಗುಹಾಕಿದ್ದರು. ಗಾಜಿನ ಮೇಲೆ ಜೇಡ ಬಲೆ ಕಟ್ಟಿತ್ತು.

ಮೂರು ತಿಂಗಳ ಹಿಂದೆ ನಲವತ್ತೊಂದನೇ ನಂಬರಿನ ಕಂದು ಹೆಣ್ಣು ಕುದುರೆ, ರಕ್ತ ಕೊಟ್ಟ ಆರನೇ ದಿನ ಮೈ ಬಿಸಿ ಮಾಡಿಕೊಂಡು, ಒಂಬತ್ತನೇ ದಿನ ಸತ್ತುಹೋಯಿತು. ಅಷ್ಟರಲ್ಲಿ ಅದರ ತಿಳಿ ತೊಟ್ಟಿ ಸೇರಿತ್ತು. ಮ್ಯಾನೇಜರು ಮೇಸ್ತ್ರಿಯನ್ನು ಕರೆದು ಮೆಲ್ಲಗೆ ಹೇಳಿದ:

"ನೋಡು, ತೊಟ್ಟಿ ತಡೆದ್ರೆ ಎರಡು ತಿಂಗಳು ಹೋಯ್ತು. ಮುಂದೆ ಬಿತ್ತನೆ ಕಾಲ. ಜನ ಎಲ್ಲಾ ಹೊಲದಲ್ಲಿರ್ತಾರೆ. ನಮ್ಮ ಪರೀಕ್ಷೆ ಮುಗೀಲಿ ಅಂತ ಹಾವು ಕಾಯ್ತಾ ಕೂರುತ್ತಾ?"

"ಅದು ಸರಿ ಸಾಹೇಬ್ರೆ."

"ಹದಿನೇಳು ಹೆಂಗೂ ಮುದಿ ಆಗಿದೆ. ರಕ್ತ ತೆಗೆಯೋದು ನಿಲ್ಲಿಸಿ ವರ್ಷ ಆಯ್ತು. ಅದೂ ಕಂದೇ, ಹೆಣ್ಣೇ. ಸತ್ತಿದ್ದು ಹದಿನೇಳು ಅಂತ ಬರೀ. ವಯಸ್ಸಾಗಿ ಸತ್ತ ಕುದುರೆಗೆ ಯಾರೂ ಲೆಕ್ಕ ಕೇಳಲ್ಲ. ನಲವತ್ತೊಂದಕ್ಕೆ ಈಗ ಮೂರು ತಿಂಗಳ ಬಿಡುವು ತಾನೇ? ಅದು ಮುಗಿಯೋದ್ರೊಳಗೆ ಅದನ್ನೂ ನಿವೃತ್ತಿ ಮಾಡಿಸಿಬಿಡ್ತೀನಿ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಮಾತು. ಮೇಸ್ತ್ರಿ ಒಪ್ಪಿದ. ಅರ್ಧ ಒಪ್ಪಿದ್ದು ಹೊಲದ ಜನರನ್ನು ನೆನೆದು. ಇನ್ನರ್ಧ, ಲಾಯದ ಬೇಲಿಯಾಚೆ ಕಂಪನಿ ಕೊಟ್ಟಿದ್ದ ಎರಡು ಕೋಣೆಯ ಮನೆಯನ್ನೂ ಉಳಿದಿದ್ದ ಎರಡು ವರ್ಷದ ನೌಕರಿಯನ್ನೂ ನೆನೆದು. ವಾರಕ್ಕೊಮ್ಮೆ ಬರುವ ಪಶುವೈದ್ಯರು ಹೆಣ ನೋಡದೆಯೇ ಸಹಿ ಹಾಕಿದರು. ಹಿಂದಿನ ಹೊಲದಲ್ಲಿ ಗುಂಡಿ ತೋಡಿ ಹೂಳಿದವರು ಮೇಸ್ತ್ರಿ ಮತ್ತು ಅವನ ಹೆಂಡತಿಯ ತಮ್ಮ. ಈ ಬಾಮೈದ ರಕ್ತ ತೆಗೆಯುವ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಆಳು ಸಣಕಲು, ಕೈಯಲ್ಲಿ ಸದಾ ಸೂಜಿ, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಸೂಜಿಯೇ. ಗುಂಡಿ ಮುಚ್ಚಿದ ಮೇಲೆ ಮೇಸ್ತ್ರಿ ನಲವತ್ತೊಂದರ ಹಿತ್ತಾಳೆ ಬಿಲ್ಲೆಯನ್ನು ಹದಿನೇಳರ ತಲೆಹಗ್ಗಕ್ಕೆ ಕಟ್ಟಿ, ಅದನ್ನು ಸತ್ತದ್ದು ನಿಲ್ಲುತ್ತಿದ್ದ ಅಂಕಣಕ್ಕೆ ತಂದು ನಿಲ್ಲಿಸಿದ. ಕೊರಳ ಮೇಲಿನ ಜೂಲನ್ನೂ ಸತ್ತದ್ದರಂತೆಯೇ ಕತ್ತರಿಸಿದ.

ಆದರೆ ಆ ಮುದಿ ಕುದುರೆಯ ವಿಷಯದಲ್ಲಿ ಮ್ಯಾನೇಜರಿಗೆ ಗೊತ್ತಿಲ್ಲದ್ದು ಒಂದಿತ್ತು. ಅದರ ಬಲಗಣ್ಣು ಕುರುಡು. ನೋಡಲು ಗೋಲಿಯಂತೆ ಹೊಳೆಯುತ್ತಿತ್ತು, ಕಾಣುತ್ತಿರಲಿಲ್ಲ. ಮೇಸ್ತ್ರಿ ಅದನ್ನು ಒಕ್ಕಣ್ಣಿ ಎಂದು ಕರೆಯುತ್ತಿದ್ದ. ಡಾಕ್ಟರಿಗೆ ಹೇಳಿದರೆ ಲಾಯದಿಂದ ಅಟ್ಟಿಬಿಡುತ್ತಾರೆಂದು ಆರು ವರ್ಷ ಬಾಯಿ ಬಿಟ್ಟಿರಲಿಲ್ಲ. ಗೊತ್ತಿದ್ದದ್ದು ಅವನಿಗೆ, ಲಾಯ ಗುಡಿಸುವ ಅವನ ಹೆಂಡತಿಗೆ, ಸೂಜಿಗೆ. ಕಾಣದ ಕಡೆಯಿಂದ ಯಾರಾದರೂ ಹತ್ತಿರ ಹೋದರೆ ಅದು ಬೆಚ್ಚಿ ಒದೆಯುತ್ತಿತ್ತು.

ಮೂರು ತಿಂಗಳು ತಣ್ಣಗೆ ಕಳೆಯಿತು. ಮದ್ದಿನ ಮೊದಲ ಕಂತು ಆಸ್ಪತ್ರೆಗಳಿಗೆ ಹೋಯಿತು. ಉಳಿದದ್ದು ಶೀತಲ ಗೋದಾಮಿನಲ್ಲಿ ಶನಿವಾರದ ಲಾರಿಗೆ ಕಾಯುತ್ತಿತ್ತು. ಆಗ ಮ್ಯಾನೇಜರು ಮತ್ತೆ ಕರೆದ. ಈ ಸಲ ಬಾಗಿಲು ಹಾಕಿಸಿದ.

"ದೊಡ್ಡ ಕಚೇರಿಗೆ ಒಂದು ಕಾಗದ ಹೋಗಿದೆ. ತನಿಖೆಗೆ ಬರ್ತಿದ್ದಾರೆ. ಗೊತ್ತಿದ್ದವರು ನಾವು ಮೂರೇ ಜನ. ನಾನಂತೂ ಬರೆದಿಲ್ಲ. ನೀನು ಬರೆಯೋವನಲ್ಲ."

ಅಷ್ಟು ಹೇಳಿ ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸತೊಡಗಿದ. ಮೂರನೆಯವನ ಹೆಸರು ಹೇಳಬೇಕಾಗಲಿಲ್ಲ.

ಅವತ್ತಿನಿಂದ ಮೇಸ್ತ್ರಿಗೆ ಬಾಮೈದನ ಮುಖ ಬೇರೆಯಾಗಿ ಕಾಣತೊಡಗಿತು. ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಯಾಕೆ ನಗಲಿಲ್ಲ. ಎರಡು ತಿಂಗಳ ಹಿಂದೆ ತಪ್ಪು ಜಾಗಕ್ಕೆ ಚುಚ್ಚಿದ್ದಕ್ಕೆ ಅವನನ್ನು ನಾಲ್ಕು ಜನರ ಮುಂದೆ ಬೈದದ್ದು ನೆನಪಾಯಿತು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಅಕ್ಕನ ಗಂಡ ಅಂತಲೂ ನೋಡದೆ ಕೊರಳಿಗೇ ಕೈ ಹಾಕಿದನಲ್ಲ.

ಬುಧವಾರ ಮಧ್ಯಾಹ್ನ ಎಂದಿನಂತೆ ಸೂಜಿ ಊಟಕ್ಕೆ ಬಂದ. ಮೇಸ್ತ್ರಿ ತಟ್ಟೆಯ ಮುಂದೆ ಗೋಡೆ ನೋಡುತ್ತ ಕೂತಿದ್ದ.

"ಏನ್ ಭಾವ, ಮಾತೇ ಇಲ್ಲ? ಅಕ್ಕ ಉಪ್ಪು ಹಾಕೋದು ಮರೆತ್ಲಾ?"

"ಮಾತಾಡೋರೆಲ್ಲಾ ಬೇರೆ ಕಡೆ ಮಾತಾಡಿ ಆಗಿದೆಯಲ್ಲ. ನಾನೇನ್ ಮಾತಾಡ್ಲಿ?"

ಸೂಜಿಯ ಕೈ ತುತ್ತಿನ ಮೇಲೆ ನಿಂತಿತು. "ಹಂಗಂದ್ರೆ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೋತೀಯ?"

"ನಾನ್ಯಾಕ್ ಮುಟ್ಕೊಳ್ಳಲಿ? ನಿಮ್ಮನ್ನಲ್ವಾ ಆ ಕೈಚೀಲದಮ್ಮ ಇವತ್ತು ಬೆಳಿಗ್ಗೆ ಔಷಧಿ ಕೋಣೇಲಿ ಒಂದು ಗಂಟೆ ಕೂರಿಸ್ಕೊಂಡಿದ್ದು? ನನ್ನನ್ನ ಹತ್ತು ನಿಮಿಷಕ್ಕೇ ಕಳಿಸಿದ್ರು. ಒಂದು ಗಂಟೆ ಏನ್ ಮಾತು ಭಾವ ಅದು?"

ಮೇಸ್ತ್ರಿಯ ಹೆಂಡತಿ ಸಾರಿನ ಪಾತ್ರೆ ಹಿಡಿದು ಇಬ್ಬರನ್ನೂ ನೋಡಿದಳು.

"ನೀವಿಬ್ರೂ ಹೀಗೆ ಜಗಳ ಆಡಿದ್ರೆ ಆ ಯಮ್ಮ ತನಿಖೆ ಮಾಡೋದೇ ಬೇಡ. ಜಗಲಿ ಮೇಲೆ ಕೂತ್ಕೊಂಡು ಕೇಳಿಸ್ಕೊಂಡ್ರೆ ಸಾಕು," ಎಂದು ತಮ್ಮನ ತಟ್ಟೆಗೆ ಸಾರು ಸುರಿದಳು. "ಲೋ, ನೀನು ತಿನ್ನು. ರೀ, ನೀವೂ ತಿನ್ನಿ. ಹೊಟ್ಟೆ ಮೇಲೆ ಯಾಕೆ ಸಿಟ್ಟು?"

ಸೂಜಿ ಅರ್ಧ ತಟ್ಟೆ ಬಿಟ್ಟು ಎದ್ದುಹೋದ. ಅವನು ಕೈ ತೊಳೆದ ನೀರು ಅಂಗಳದಲ್ಲಿ ಹರಿಯುವುದನ್ನು ಮೇಸ್ತ್ರಿ ನೋಡುತ್ತ ಕೂತ. ತನ್ನ ಒಂದು ಗಂಟೆಯನ್ನು ಇವನು ಎಣಿಸಿದ್ದಾನೆ ಎಂದರೆ ಕಾವಲು ಕಾಯುತ್ತಿದ್ದಾನೆ ಎಂದಾಯಿತಲ್ಲ.

ಆ ಒಂದು ಗಂಟೆಯಲ್ಲಿ ಕೈಚೀಲದಮ್ಮ ಕೇಳಿದ್ದು ಅಷ್ಟೇನೂ ಇರಲಿಲ್ಲ. ಅವಳ ತಾತ ಗಾಡಿ ಹೊಡೆಯುತ್ತಿದ್ದರಂತೆ, ಆ ಮಾತು ಹೇಳಿದಳು. ಹುಲ್ಲು ಯಾವಾಗ ಬರುತ್ತದೆ, ಲಾಳ ಕಟ್ಟುವವರು ಯಾರು ಎಂದು ವಿಚಾರಿಸಿದಳು. ಪೆನ್ಸಿಲನ್ನು ಚೂರಿಯಿಂದ ಹೆರೆದಳು. ಮೇಸ್ತ್ರಿ ಏಳಲು ಹೊರಟಾಗ ಮಾತ್ರ ಒಂದು ಪ್ರಶ್ನೆ ಬಂತು.

"ಮೇವಿನ ತೊಟ್ಟಿ ಎಲ್ಲಾ ಅಂಕಣದಲ್ಲೂ ಬಲ ಮೂಲೇಲಿದೆ. ಎಲ್ಲಾ ಕುದುರೆಗೂ ನೀವು ಬಲಗಡೆಯಿಂದ ಹೋಗಿ ಸುರೀತೀರಿ. ನಲವತ್ತೊಂದಕ್ಕೆ ಮಾತ್ರ ಎಡಗಡೆಯಿಂದ ಹೋಗಿ, ಮೂತಿ ಮುಂದೆ ಹಾಯ್ದು ಸುರೀತೀರಿ. ಯಾಕೆ?"

ಮೇಸ್ತ್ರಿ ಬಿಲ್ಲೆ ಬದಲಾಯಿಸಿದ್ದ, ಅಂಕಣ ಬದಲಾಯಿಸಿದ್ದ, ಜೂಲು ಕತ್ತರಿಸಿದ್ದ. ತನ್ನ ಕಾಲಿನ ರೂಢಿಯನ್ನು ಬದಲಾಯಿಸಲು ಮರೆತಿದ್ದ. ಆರು ವರ್ಷ ಒಕ್ಕಣ್ಣಿಯ ಸುತ್ತ ಹೀಗೇ ನಡೆದಿದ್ದ ಕಾಲು ಅವನನ್ನು ಕೇಳದೆಯೇ ಸುತ್ತು ಹಾಕುತ್ತಿತ್ತು.

"ಆ ಕಡೆ ನೆಲ ಒದ್ದೆ ಇರುತ್ತೆ ಮೇಡಂ. ಜಾರುತ್ತೆ."

"ಹೌದಾ," ಎಂದಳು ಆಕೆ, ಅಷ್ಟೇ.

ಮರುದಿನ ಬೆಳಿಗ್ಗೆ ಅವಳ ಬಕೆಟ್ಟು ಮೇವಿನ ಕೋಣೆಯ ಬಾಗಿಲಲ್ಲಿರಲಿಲ್ಲ. ನಲವತ್ತೊಂದರ ಅಂಕಣದ ಎದುರಿತ್ತು. ಒದ್ದೆ ಎಂದು ಅವನು ಹೇಳಿದ್ದ ನೆಲ ಒಣಗಿ ಬಿರುಕು ಬಿಟ್ಟಿತ್ತು. ಆಕೆ ಅದನ್ನು ನೋಡುತ್ತಿದ್ದಾಳೋ ಕುದುರೆಯನ್ನು ನೋಡುತ್ತಿದ್ದಾಳೋ ತಿಳಿಯಲಿಲ್ಲ. ಮೇಸ್ತ್ರಿ ಅವತ್ತು ಎದೆ ಗಟ್ಟಿ ಮಾಡಿಕೊಂಡು ಬಲಗಡೆಯಿಂದಲೇ ಹೋದ. "ಬಂದೆ ತಾಯಿ, ಬಂದೆ, ನಾನೇ," ಎಂದು ನಾಲ್ಕು ಮಾರು ದೂರದಿಂದಲೇ ಗುನುಗುತ್ತ ಹೋದ. ಒಕ್ಕಣ್ಣಿ ಕಿವಿ ನಿಮಿರಿಸಿ, ದನಿ ಹಿಡಿದು ಸುಮ್ಮನೆ ನಿಂತಿತು. ಬೇರೆ ಯಾವ ಕುದುರೆಗೂ ಅವನು ಹಾಗೆ ಹೇಳಿಕೊಂಡು ಹೋಗುವುದಿಲ್ಲ ಎನ್ನುವುದು ಅವನಿಗೆ ಹೊಳೆದದ್ದು ಮೇವು ಸುರಿದ ಮೇಲೆ. ತಿರುಗಿ ನೋಡಿದರೆ ಪೆನ್ಸಿಲು ಓಡುತ್ತಿತ್ತು.

ಅದು ಗುರುವಾರ, ರಕ್ತ ತೆಗೆಯುವ ದಿನ. ನಲವತ್ತೊಂದರ ಬಿಡುವು ಮುಗಿದಿತ್ತು. ನಿವೃತ್ತಿ ಮಾಡಿಸುತ್ತೇನೆ ಎಂದಿದ್ದ ಮ್ಯಾನೇಜರು, "ಆ ಹೆಂಗಸು ಎದುರು ಕೂತಿರುವಾಗ ಈಗ ನಿವೃತ್ತಿ ಕಾಗದ ಬರೆದ್ರೆ ನಾವೇ ಬಾಗಿಲು ತೆರೆದು ಕರೆದ ಹಾಗೆ. ಒಂದು ಸಲ ತೆಗೀರಿ, ಸಾಯೋದಿಲ್ಲ," ಎಂದಿದ್ದ. ಸಾಯಬಹುದು ಎಂದು ಮೇಸ್ತ್ರಿಗೆ ಗೊತ್ತಿತ್ತು. ಹಲ್ಲು ಸವೆದು ನೆನೆಸಿದ ಮೇವು ತಿನ್ನುವ ಪ್ರಾಣಿ. ಆದರೂ ಹಗ್ಗ ಹಿಡಿದು ಎಳೆದುಕೊಂಡು ಹೊರಟ. ಒಂದು ಸುಳ್ಳಿಗೆ ಮೇವು ಹಾಕಿ ಸಾಕಿದರೆ ಅದು ಕೊಟ್ಟಿಗೆಯ ಉಳಿದ ಪ್ರಾಣಿಗಳನ್ನೂ ತಿನ್ನತೊಡಗುತ್ತದೆ.

ರಕ್ತ ತೆಗೆಯುವ ಕೋಣೆಯ ನಡುವೆ ಕಬ್ಬಿಣದ ಕೊಳವೆಗಳ ಕಟಕಟೆ. ಕುದುರೆಯನ್ನು ಅದರೊಳಗೆ ನಿಲ್ಲಿಸಿ, ಹಿಂದೆ ಒಂದು ಸರಳು ಅಡ್ಡ ಹಾಕುತ್ತಾರೆ. ಎರಡೂ ಪಕ್ಕ ಆಳು ನಿಲ್ಲುವಷ್ಟು ಕಿರಿದಾದ ಜಾಗ, ಆಚೆಗೆ ಗೋಡೆ. ಮೇಸ್ತ್ರಿ ಒಕ್ಕಣ್ಣಿಯನ್ನು ಒಳಗೆ ಬಿಟ್ಟು ತಲೆಯ ಬಳಿ ಎಡಕ್ಕೆ ನಿಂತ. ಸೂಜಿ ಎಂದಿನಂತೆ ತಟ್ಟೆ ಹಿಡಿದು ಎಡಗಡೆಗೆ ಬಂದ. ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದ. ಕೈಚೀಲದಮ್ಮ ರಿಜಿಸ್ಟರಿನ ಪುಟ ತಿರುವಿದಳು.

"ಹೋದ ಸಲ ನಲವತ್ತೊಂದಕ್ಕೆ ಎಡಗಡೆ ಆಗಿದೆ. ಈಗ ಬಲಗಡೆ ಸರದಿ ಅಲ್ವಾ?"

ನೊಣವೊಂದು ಗಾಜಿಗೆ ಬಡಿಯುತ್ತಿತ್ತು.

"ಸರದಿ ಪ್ರಕಾರ ಮಾಡೋಣ," ಎಂದ ಮ್ಯಾನೇಜರು. "ನಿಯಮ ಅಂದ್ರೆ ನಿಯಮ."

ಸೂಜಿ ಭಾವನ ಮುಖ ನೋಡಿದ. ಮೇಸ್ತ್ರಿಯೂ ಅವನನ್ನು ನೋಡಿದ. ಈಗ ಹೇಳಿಬಿಡುತ್ತಾನೆ ಎಂದುಕೊಂಡ. ಕಾಗದ ಬರೆದವನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಎಲ್ಲಿ ಸಿಗುತ್ತದೆ. ಬಲಗಡೆ ಹೋಗಲಾರೆ, ಈ ಕುದುರೆಗೆ ಆ ಕಣ್ಣು ಕಾಣುವುದಿಲ್ಲ ಎಂದರೆ ಮುಗಿಯಿತು. ಬರೆದದ್ದನ್ನು ಬಾಯಿಂದಲೂ ಹೇಳಿ ತಾನು ಪಾರಾಗುತ್ತಾನೆ, ಭಾವ ಬೀದಿಗೆ ಬೀಳುತ್ತಾನೆ. ಮೇಸ್ತ್ರಿ ಹಗ್ಗವನ್ನು ಬಿಗಿಯಾಗಿ ಹಿಡಿದು ಆ ಮಾತಿಗೆ ಕಾದ.

ಸೂಜಿ ಹೇಳಲಿಲ್ಲ. ತಟ್ಟೆಯಲ್ಲಿದ್ದ ದಬ್ಬಣದಂಥ ಸೂಜಿಯನ್ನು ಎತ್ತಿಕೊಂಡ. ಕಟಕಟೆಯನ್ನು ಬಳಸಿ ಆಚೆಗೆ ಹೋದ. ಗೋಡೆಗೂ ಕುದುರೆಗೂ ನಡುವಿನ ಆ ಮೊಳದಗಲದ ಜಾಗಕ್ಕೆ, ಹಿಂಗಾಲಿನ ಕಡೆಯಿಂದ, ಒಂದು ಹೆಜ್ಜೆ ಇಟ್ಟ. ಅವನ ಸಣಕಲು ಕೊರಳಿನಲ್ಲಿ ನರ ಹೊಡೆದುಕೊಳ್ಳುವುದು ಮೇಸ್ತ್ರಿ ನಿಂತಿದ್ದಲ್ಲಿಗೆ ಕಾಣುತ್ತಿತ್ತು.

ಮೇಸ್ತ್ರಿಗೆ ಅರ್ಥವಾಯಿತು. ಮೂರು ದಿನ ಊಟ ನಿದ್ದೆ ಬಿಟ್ಟು ಎಣಿಸಿದ್ದೆಲ್ಲ ಉಲ್ಟಾ. ಹಿಡಿದುಕೊಡಲು ಬಂದವನು ಆ ಜಾಗಕ್ಕೆ ಕಾಲಿಡುವುದಿಲ್ಲ. ಭಾವನ ಗುಟ್ಟು ಉಳಿಯಲೆಂದು ಇವನು ಪಕ್ಕೆಲುಬು ಮುರಿಸಿಕೊಳ್ಳಲು ಹೊರಟಿದ್ದಾನೆ.

ಒಕ್ಕಣ್ಣಿಯ ಕಿವಿ ಹಿಂದಕ್ಕೆ ಮಡಚಿತು. ಕಾಣದ ಕಡೆ ಏನೋ ಬಂದಿದೆ ಎಂದು ಅದಕ್ಕೆ ತಿಳಿದಿತ್ತು. ಹಿಂಗಾಲು ನೆಲದಿಂದ ಏಳತೊಡಗಿತು.

"ಲೋ, ಹಿಂದೆ ಸರಿ," ಎಂದ ಮೇಸ್ತ್ರಿ. ದನಿ ಏರಿಸಲಿಲ್ಲ; ಏರಿಸಿದರೆ ಕುದುರೆ ಬೆದರುತ್ತಿತ್ತು. "ಹಂಗೇ ಹಿಂದಕ್ಕೆ ಬಾ. ಅದಕ್ಕೆ ಆ ಕಡೆ ಕಣ್ಣಿಲ್ಲ."

ಸೂಜಿ ಸರಿಯುವುದಕ್ಕೂ ಗೊರಸು ಕಬ್ಬಿಣಕ್ಕೆ ಬಡಿಯುವುದಕ್ಕೂ ಸರಿಹೋಯಿತು. ಕೊಳವೆ ಗಂಟೆಯಂತೆ ಮೊಳಗಿತು. ಮೇಸ್ತ್ರಿ ಒಕ್ಕಣ್ಣಿಯ ಹಣೆಗೆ ಹಣೆ ಒತ್ತಿ, "ನಾನೇ ತಾಯಿ, ಯಾರೂ ಇಲ್ಲ," ಎಂದು ಅದರ ಮೈ ನಡುಕ ನಿಲ್ಲುವ ತನಕ ಹೇಳುತ್ತ ನಿಂತ. ಆಮೇಲೆ ಹಾಗೇ ನಿಂತು, ಯಾರ ಮುಖವನ್ನೂ ನೋಡದೆ, ಉಳಿದದ್ದನ್ನೂ ಹೇಳಿದ.

"ಇದು ನಲವತ್ತೊಂದಲ್ಲ ಮೇಡಂ. ಹದಿನೇಳು. ನಲವತ್ತೊಂದು ರಕ್ತ ಕೊಟ್ಟ ಒಂಬತ್ತನೇ ದಿನ ಜ್ವರ ಬಂದು ಸತ್ತಿದೆ. ಹಿಂದಿನ ಹೊಲದಲ್ಲಿದೆ. ಬಿಲ್ಲೆ ಬದಲಾಯಿಸಿದ್ದು ನಾನು."

ಮ್ಯಾನೇಜರು ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಫೋನು ಬಡಿದದ್ದನ್ನು ಯಾರೂ ಕೇಳಿರಲಿಲ್ಲ.

ಕೈಚೀಲದಮ್ಮ ಆಗ ಮೊದಲ ಸಲ ಕುದುರೆಯನ್ನು ಮುಟ್ಟಿದಳು. ಎಡಗಡೆಯಿಂದಲೇ ಬಂದಳು. ಎಡಗೊರಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಕೂದಲು ಹುಟ್ಟದೆ ಬೋಳಾಗಿದ್ದ ಕಡೆ ಹೆಬ್ಬೆರಳು ಆಡಿಸಿದಳು. ಮೂತಿಯ ಕೆಳಗಿಂದ ಕೈ ಚಾಚಿ ಬಲಗೊರಳನ್ನೂ ಸವರಿದಳು. ಅಲ್ಲಿ ಕೂದಲು ರೇಷ್ಮೆಯಂತಿತ್ತು.

"ಪುಸ್ತಕದಲ್ಲಿ ನಲವತ್ತೊಂದಕ್ಕೆ ಒಂದು ಸಲ ಎಡ, ಒಂದು ಸಲ ಬಲ," ಎಂದಳು. "ಹದಿನೇಳಕ್ಕೆ ಕೊನೆಯ ಐದು ವರ್ಷವೂ ಎಡ, ಎಡ, ಎಡ. ಬೇರೆ ಯಾವ ಕುದುರೆಗೂ ಹಂಗಿಲ್ಲ. ಸತ್ತದ್ದು ಹದಿನೇಳು ಅಂತಾರೆ, ಬದುಕಿರೋದಕ್ಕೆ ಬಲಗಡೆ ಒಂದು ಗುರುತಿಲ್ಲ. ಯಾಕೆ ಅನ್ನೋದು ಮಾತ್ರ ನನಗೆ ಗೊತ್ತಿರಲಿಲ್ಲ. ನೀವು ಸುತ್ತು ಹಾಕಿ ನಡೆಯೋದು ನೋಡಿದ ಮೇಲೆ ಕಣ್ಣಿರಬೇಕು ಅನ್ನಿಸ್ತು."

"ಹಂಗನ್ನಿಸಿದ್ರೂ ಇವನನ್ನ ಆ ಕಡೆ ಕಳಿಸಿದ್ರಾ?" ಎಂದ ಮೇಸ್ತ್ರಿ.

ಆಕೆ ರಿಜಿಸ್ಟರನ್ನು ಮುಚ್ಚಿದಳು. "ಹೋಗೋದಿಲ್ಲ ಅಂದ್ಕೊಂಡೆ," ಎಂದಳು. "ನನ್ನದೂ ತಪ್ಪೇ. ಅದನ್ನೂ ಬರೀತೀನಿ."

ಮೇಸ್ತ್ರಿ ಒಕ್ಕಣ್ಣಿಯನ್ನು ಕಟಕಟೆಯಿಂದ ಬಿಡಿಸಿದ. ಕೇಳಬಾರದು ಎಂದುಕೊಂಡಿದ್ದ ಮಾತು ಬಾಯಿಗೆ ಬಂತು. "ಆ ಕಾಗದ ಬರೆದಿದ್ದು ಯಾರು ಮೇಡಂ?"

"ನಿಮ್ಮವರು ಯಾರೂ ಅಲ್ಲ. ಒಂದು ಸಣ್ಣ ಆಸ್ಪತ್ರೆಯ ನರ್ಸು. ಹಾವು ಕಚ್ಚಿ ಬಂದ ಇಬ್ಬರಿಗೆ ನಿಮ್ಮ ಮದ್ದು ಕೊಟ್ಟಿದ್ದಾರೆ. ವಿಷ ಇಳೀತು, ಆದ್ರೆ ಇಬ್ಬರಿಗೂ ಚಳಿಜ್ವರ ಹಿಡಿದು ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಒಂದೇ ತೊಟ್ಟಿಯ ಸೀಸೆಗಳು. ಆಕೆ ಸೀಸೆಯ ನಂಬರು ಬರೆದು ಕಳಿಸಿದ್ದಾಳೆ, ಅಷ್ಟೇ. ಕಾಗದ ಎಲ್ಲಿಂದ ಬಂತು ಅಂತ ನಿಮ್ಮ ಮ್ಯಾನೇಜರಿಗೆ ಮೊದಲ ದಿನವೇ ಹೇಳಿದ್ದೆ."

"ಅವರಿಬ್ಬರು?"

"ಬದುಕಿದ್ದಾರೆ."

ಮೇಸ್ತ್ರಿ ಗೋಡೆಗೆ ಬೆನ್ನು ಕೊಟ್ಟ. ಹೊಲದ ಜನರಿಗಾಗಿ ಎಂದು ಒಪ್ಪಿದ್ದ ಅರ್ಧವೂ ಕಾಲ ಕೆಳಗಿಂದ ಜಾರಿತು. ಕೈಚೀಲದಮ್ಮ ಅಲ್ಲಿಂದಲೇ ಗೋದಾಮಿಗೆ ಫೋನು ಮಾಡಿ ಶನಿವಾರದ ಲಾರಿಯನ್ನು ನಿಲ್ಲಿಸಿದಳು; ಹೋದ ಕಂತನ್ನೂ ವಾಪಸು ತರಿಸಲು ಹೇಳಿದಳು; ಬೇರೊಂದು ತೊಟ್ಟಿಯ ಹಳೆಯ ಮದ್ದು ಎಷ್ಟಿದೆ ಎಂದು ಕೇಳಿ ಬರೆದುಕೊಂಡಳು. ಆಮೇಲೆ ರಿಜಿಸ್ಟರನ್ನು ಮೇಸ್ತ್ರಿಯ ಮುಂದಿಟ್ಟಳು.

"ನೀವು ಬರೆದದ್ದನ್ನ ನೀವೇ ತಿದ್ದಬೇಕು. ಒಂದೇ ಗೆರೆ ಎಳೀರಿ. ಅಡಿಯಲ್ಲಿ ಏನಿತ್ತು ಅನ್ನೋದು ಓದೋಕೆ ಬರಬೇಕು. ಪಕ್ಕದಲ್ಲಿ ಸಹಿ. ನಿಮ್ಮ ಕೆಲಸ ಇರುತ್ತೋ ಹೋಗುತ್ತೋ, ಅದು ನನ್ನ ಕೈಲಿಲ್ಲ. ನೀವಾಗೇ ಹೇಳಿದ್ರಿ ಅಂತ ಬರೀತೀನಿ. ಅಷ್ಟು ನನ್ನ ಕೈಲಿದೆ."

'ಹದಿನೇಳು, ಮರಣ, ವಯೋಸಹಜ' ಎಂದು ತಾನೇ ದುಂಡಗೆ ಬರೆದಿದ್ದ ಸಾಲಿನ ಮೇಲೆ ಮೇಸ್ತ್ರಿ ಗೆರೆ ಎಳೆದ. ಗೆರೆ ಸ್ವಲ್ಪ ಸೊಟ್ಟಗಾಯಿತು. ಸಹಿ ಹಾಕಿದ.

"ತಾರೀಕು ಹಾಕಿ ಭಾವ," ಎಂದ ಸೂಜಿ ಹಿಂದಿನಿಂದ. ಕೋಣೆಯ ಮೂಲೆಯಲ್ಲಿ ಅವನು ಇನ್ನೂ ಸೂಜಿ ಹಿಡಿದುಕೊಂಡೇ ನಿಂತಿದ್ದ.

ಹೊರಗೆ ಬಂದಾಗ ಬಿಸಿಲು ಏರಿತ್ತು. ಒಕ್ಕಣ್ಣಿಯ ಎಡಕ್ಕೆ ಮೇಸ್ತ್ರಿ, ಅವನ ಎಡಕ್ಕೆ ಬಾಮೈದ. ಲಾಯದ ಅರ್ಧ ದಾರಿ ಸವೆಯಿತು.

"ನಾನೇ ಬರೆದೆ ಅಂದ್ಕೊಂಡಿದ್ರಿ ಅಲ್ವಾ?" ಎಂದ ಸೂಜಿ.

ಮೇಸ್ತ್ರಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಹೌದು."

"ನಾನು ನೀವೇ ಅಂದ್ಕೊಂಡಿದ್ದೆ. ಎಲ್ಲಾ ನನ್ನ ಮೇಲೆ ಹಾಕಿ ತಪ್ಪಿಸ್ಕೋತೀರಿ ಅಂತ. ಸಾಹೇಬ್ರು ನನ್ನನ್ನೂ ಕರೆದಿದ್ರು. 'ನಾನು ಬರೆದಿಲ್ಲ, ನೀನು ಬರೆಯೋವನಲ್ಲ' ಅಂದ್ರು."

ಮೇಸ್ತ್ರಿ ನಿಂತ. ಅದೇ ಮಾತು, ಅಕ್ಷರ ಬಿಡದೆ. "ಹಂಗಿದ್ದೂ ಆ ಕಡೆ ಯಾಕೆ ಹೋದೆ?"

"ನೀವು ಬೀದಿಗೆ ಬಿದ್ರೆ ಅಕ್ಕನೂ ಬೀಳ್ತಾಳಲ್ಲ," ಎಂದ ಸೂಜಿ. ಆಮೇಲೆ, "ಊಟಕ್ಕೆ ಬರ್ತೀನಿ. ನಿನ್ನೆ ಅರ್ಧ ಬಿಟ್ಟಿದ್ದಕ್ಕೆ ಬೈತಾಳೆ, ಬೈಸ್ಕೊಳ್ಳೋಕಾದ್ರೂ ಬರಬೇಕು," ಎಂದು ಮುಂದೆ ನಡೆದ.

ಮೇಸ್ತ್ರಿ ನಲವತ್ತೊಂದರ ಬಿಲ್ಲೆಯನ್ನು ತಲೆಹಗ್ಗದಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡ. ಹದಿನೇಳರ ಬಿಲ್ಲೆ ಮನೆಯ ಅಟ್ಟದ ಮೇಲೆ, ಹಳೆಯ ಲಾಳಗಳ ಡಬ್ಬಿಯಲ್ಲಿತ್ತು. ಅದನ್ನು ತರಲು ಹೋಗಬೇಕು, ತರುವಾಗ ಹೆಂಡತಿಗೆ ಇವತ್ತು ನಡೆದದ್ದೆಲ್ಲವನ್ನೂ ಹೇಳಬೇಕು. ಅಲ್ಲಿಯವರೆಗೆ ಯಾವ ನಂಬರೂ ಇಲ್ಲದ ಒಕ್ಕಣ್ಣಿ ತನ್ನ ಹಳೆಯ ಅಂಕಣದ ಮುಂದೆ ತಾನಾಗಿಯೇ ನಿಂತು, ಒಳಗೆ ಬಿಡು ಎನ್ನುವಂತೆ ಮೂತಿಯಿಂದ ಅವನ ಭುಜವನ್ನು ನೂಕಿತು.